ಪಮ್ಮಿಯ ಮೈಮೇಲಿನ ನನ್ನ ಫ್ರಾಕು

ಕಳೆದ ಭಾನುವಾರ ಸದಾಶಿವ ಪೇಠದ ಒಬ್ಬರ ಮನೆಯಲ್ಲಿ ನಮ್ಮ ಕನ್ನಡ ಹೆಂಗಸರ ಓದುಕೂಟ ಸೇರಿತ್ತು. ಹೊಸದಾಗಿ ಬಂದ ಗೆಳತಿಯೊಬ್ಬಳು ತಾನೇ ಬರೆದ ಕಥೆ ಓದಿದಳು. ಅದರಲ್ಲಿ ಒಬ್ಬ ಅಪ್ಪ ದೂರದೇಶದಿಂದ ಮಗಳಿಗೆ ಕೀಲಿ ಕೊಟ್ಟರೆ ಕುಣಿಯುವ ಬೊಂಬೆ ಕಳಿಸುತ್ತಾನೆ. ಮಗಳು ಅದನ್ನು ಕಿಟಕಿಯಿಂದಾಚೆ ಎಸೆದು, ನನಗೆ ಬೊಂಬೆ ಬೇಡ, ಅಪ್ಪ ಬೇಕು ಎಂದು ಅಳುತ್ತಾಳೆ. ಎಲ್ಲರೂ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನೊಬ್ಬಳು ಫಕ್ಕನೆ ನಕ್ಕುಬಿಟ್ಟೆ. ಮನೆಯೊಡತಿ ನನ್ನ ಮುಂದಿದ್ದ ಚೂಡಾ ಅವಲಕ್ಕಿಯ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು.

ನಗದೆ ಏನು ಮಾಡಲಿ, ನೀವೇ ಹೇಳಿ. ಕಥೆಗಳಲ್ಲಿ ಬರುವ ಈ ಮಕ್ಕಳಿಗೆ ಆಸೆ ಎಂಬುದೇ ಇರುವುದಿಲ್ಲ. ಎಸೆಯುವ ಮೊದಲು ಬೊಂಬೆಗೆ ಕೀಲಿ ಕೊಟ್ಟು ಒಮ್ಮೆಯಾದರೂ ಕುಣಿಸಿ ನೋಡಬಾರದೆ?

ನಾನು ಚಿಕ್ಕವಳಿದ್ದಾಗ ನನ್ನ ಅವ್ವ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದಳು. ಇಲ್ಲಿ ಖಡಕಿಯ ಕ್ವಾರ್ಟರ್ಸಿನಲ್ಲಿ ನಾನು ಮತ್ತು ಕಾರ್ಖಾನೆಗೆ ಹೋಗುವ ಅಪ್ಪ, ಇಬ್ಬರೇ. ರಜೆಗೆಂದು ಊರಿಗೆ ಬರುವವರ ಕೈಯಲ್ಲಿ ಅವ್ವ ಸಾಮಾನು ಕಳಿಸುತ್ತಿದ್ದಳು. ಬಿಸ್ಕೀಟಿನ ಡಬ್ಬಿ, ಘಮಘಮ ಸಾಬೂನು, ನೀರಿಗೆ ಹಾಕಿದರೆ ಕಿತ್ತಳೆ ಶರಬತ್ತಾಗುವ ಪುಡಿ. ಆ ಪುಡಿಯನ್ನು ನಾನು ನೀರಿಗೆ ಹಾಕುವ ಗೋಜಿಗೇ ಹೋಗುತ್ತಿರಲಿಲ್ಲ. ಅಂಗೈಯಲ್ಲಿ ಸುರುವಿಕೊಂಡು ನೆಕ್ಕುತ್ತಿದ್ದೆ.

ವಾರಪತ್ರಿಕೆಗಳಲ್ಲಿ ಇಂಥ ಕಥೆಗಳನ್ನು ನಾನೂ ಓದುತ್ತಿದ್ದೆನಲ್ಲ, ಆ ಹುಡುಗಿಯರ ಹಾಗೆ ಒಮ್ಮೆ ಮಾತಾಡಬೇಕೆಂದು ತೀರ್ಮಾನಿಸಿದೆ. ಫೋನ್ ಮಾಡುವ ಅಂಗಡಿಗೆ ಹೋಗುವ ದಾರಿಯುದ್ದಕ್ಕೂ 'ನನಗ ಏನೂ ಬ್ಯಾಡವಾ, ನೀ ಬಂದುಬಿಡು' ಎಂದು ಬಾಯಿಪಾಠ ಮಾಡಿದೆ. ಫೋನಿನಲ್ಲಿ ಅವ್ವ, "ಏನ್ ಬೇಕವಾ ನಿನಗ?" ಎಂದಳು.

"ಕಿತ್ತಳೆ ಪುಡಿ ಇನ್ನೊಂದು ಡಬ್ಬಿ," ಅಂದೆ.

ಅಪ್ಪ ಅಂಗಡಿಯ ಸೂರು ನೋಡುತ್ತ ನಿಂತಿದ್ದ. ನನ್ನ ಬಾಯಿಪಾಠವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಆದರೆ ಒಂದು ಮಾತ್ರ ನನಗೆ ಸಿಗುತ್ತಿರಲಿಲ್ಲ. ಅವ್ವ ಕಳಿಸುವ ಫ್ರಾಕುಗಳು. ಒಂದಕ್ಕಿಂತ ಒಂದು ಚೆಂದ, ಒಂದೂ ನನ್ನ ಮೈಗೆ ಹಿಡಿಯುತ್ತಿರಲಿಲ್ಲ. ಉಸಿರು ಬಿಗಿಹಿಡಿದು ತೂರಿದರೂ ಬೆನ್ನ ಗುಂಡಿ ಸೇರುತ್ತಿರಲಿಲ್ಲ. ಅಪ್ಪನೋ, ಕೂಸು ಬೆಳೆಯುತ್ತದೆ ಅಂತ ಬೇರೆ ಹೇಳಬೇಕೇನು ಎಂದು ಅವ್ವನಿಗೆ ಅಳತೆ ತಿಳಿಸುತ್ತಲೇ ಇರಲಿಲ್ಲ. ಫ್ರಾಕುಗಳೆಲ್ಲ ಪಕ್ಕದ ಮನೆಯ ಪಮ್ಮಿಯ ಪಾಲಾದವು. ಪಮ್ಮಿ ನನಗಿಂತ ಚಿಕ್ಕವಳು, ಮರಾಠಿ ಹುಡುಗಿ. ಅವಳು ಓಣಿಯಲ್ಲಿ ಗಿರಗಿರನೆ ತಿರುಗಿ ಫ್ರಾಕಿನ ಘೇರು ಅರಳಿಸುತ್ತಿದ್ದಳು. ಯಾರದೋ ದುಡ್ಡು, ಎಲ್ಲವ್ವನ ಜಾತ್ರೆ! ನನ್ನ ಅವ್ವನಿಗೆ ನಾನು ಎಷ್ಟು ದೊಡ್ಡವಳು ಎಂಬುದೇ ಗೊತ್ತಿಲ್ಲವಲ್ಲ ಎಂದುಕೊಳ್ಳುತ್ತ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಕಡೆಗೊಮ್ಮೆ ಅವ್ವನಿಗೆ ರಜೆ ಸಿಕ್ಕಿತು. ಬಟ್ಟೆ ಕೊಟ್ಟವರು ಬರುವ ದಿನ ಅವರು ಕೊಟ್ಟದ್ದನ್ನೇ ತೊಡಿಸುವುದು ಮರ್ಯಾದೆ ಎಂದು ಪಮ್ಮಿಯ ತಾಯಿ ಅವಳಿಗೆ ನೀಲಿ ಫ್ರಾಕು ಹಾಕಿ ಅಂಗಳಕ್ಕೆ ಬಿಟ್ಟಿದ್ದಳು. ನಾನು ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದೆ. ರಿಕ್ಷಾ ಬಂತು. ಅವ್ವ ಇಳಿದಳು. ಬೆನ್ನು ಮಾಡಿ ನಿಂತಿದ್ದ ನೀಲಿ ಫ್ರಾಕನ್ನು ಕಂಡವಳೇ ಓಡಿಬಂದು ಬಾಚಿ ಎತ್ತಿಕೊಂಡು ಲೊಚಲೊಚ ಮುತ್ತಿಟ್ಟಳು.

ಪಮ್ಮಿಯೇನು, ಪುಕ್ಕಟೆ ಮುತ್ತು ಬೇಡ ಅನ್ನುವವಳೇ? ಆರಾಮಾಗಿ ಕುತ್ತಿಗೆ ತಬ್ಬಿಕೊಂಡು, ಚಾಕೊಲೇಟ್ ತಂದಿದ್ದೀಯಾ ಎಂದು ಮರಾಠಿಯಲ್ಲಿ ಕೇಳಿದಳು.

ಹಿಂದೆ ಚೀಲ ಹೊತ್ತು ಇಳಿದ ಅಪ್ಪ ಕೂಗಿದ: "ಏ, ಅಕಿ ಪಮ್ಮಿ ಅದಾಳ! ನಮ್ಮಕಿ ಅಲ್ಲಿ ಬಾಗಿಲದಾಗ ನಿಂತಾಳ ನೋಡ!"

ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಅಂದಿನಿಂದ ನೆಂಟರಿಷ್ಟರ ಮುಂದೆ ಉಪ್ಪುಖಾರ ಹಚ್ಚಿ ಈ ಕಥೆ ಹೇಳಿ ನಗಿಸುವುದು ನನ್ನದೇ ಗುತ್ತಿಗೆ.

ಅವ್ವ ಈಗ ನಮ್ಮ ಮನೆಯಲ್ಲೇ ಇರುತ್ತಾಳೆ. ಭಾನುವಾರ ಓದುಕೂಟದಿಂದ ಬಂದವಳು, ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದ ಅವಳ ಮುಂದೆಯೂ ಬೊಂಬೆಯ ಕಥೆ ಹೇಳಿ, ಅದಕ್ಕೆ ಪಮ್ಮಿಯ ಕಥೆಯನ್ನೂ ಜೋಡಿಸಿ ನಕ್ಕೆ. ಯಾವಾಗಲೂ ಜೊತೆಗೆ ನಗುವವಳು ಈ ಸಲ ನಗಲಿಲ್ಲ.

"ಎತ್ತಿಕೊಂಡ ಕೂಡ್ಲೇ ಗೊತ್ತಾಗಿತ್ತು, ಇದು ನೀ ಅಲ್ಲ ಅಂತ," ಎಂದಳು.

"ಮತ್ತ ಬಿಡಲಿಲ್ಲ ಯಾಕ?"

"ಬಾಗಿಲದಾಗ ನಿನ್ನ ನೋಡಿದ್ನಲ್ಲ. ಅಷ್ಟು ಎತ್ತರ, ಬ್ಯಾರೇನ ಮಾರಿ. ನಾ ಬಿಟ್ಟುಹೋದಾಕಿ ಇಲ್ಲೇ ಇಲ್ಲ ಅನಿಸ್ತು. ಭಾಳ ಅಂಜಿಕಿ ಬಂತವಾ. ಅದಕ್ಕ ಪಮ್ಮಿನ್ನ ಇನ್ನ ಸ್ವಲ್ಪ ಹೊತ್ತು ಹಿಡಕೊಂಡೆ."

ಯಾವ ಕಥೆಯಲ್ಲೂ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಇಷ್ಟು ವರ್ಷ ಹೇಳಿ ನಗಿಸುತ್ತ ಬಂದ ಆ ಗಳಿಗೆ ನನಗೆ ಎಷ್ಟು ನೋವು ಕೊಟ್ಟಿತ್ತೆಂದು ಆಗಲೇ ತಿಳಿದದ್ದು.

"ಈಗ ಅಂಜಿಕಿ ಹೋಗೇದಲ್ಲ?" ಅಂದೆ.

ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇನ್ನೂ ಸ್ವಲ್ಪ ಅದ," ಎಂದಳು. "ಇಲ್ಲಿ ಬಾ, ಹತ್ರ ಕೂಡು."

ಹೋಗಿ ಅವಳ ತೊಡೆಗೆ ತೊಡೆ ತಾಗಿಸಿ ಕೂತೆ. ಸೊಪ್ಪಿನ ಮೇಲೆ ನನ್ನ ಕಣ್ಣೀರು ಬಿತ್ತು. ನಾನು ಒರೆಸಿಕೊಳ್ಳಲಿಲ್ಲ.