ತೋಟಾ ಎರಡು ಹೆಚ್ಚಾಗಿವೆ

ನಾನು ಚಿಕ್ಕವಳಿದ್ದಾಗ ಮಣ್ಣೂರಿನ ನಮ್ಮ ಮನೆಯಲ್ಲಿ ಏನೂ ಮುಗಿಯುತ್ತಿರಲಿಲ್ಲ. ಜೋಳ ತೀರಿದರೆ ಅವ್ವ ‘ಜ್ವಾಳ ಹೆಚ್ಚಾಗ್ಯಾವ’ ಅನ್ನುತ್ತಿದ್ದಳು. ಬಳೆ ಒಡೆದರೂ ಹೆಚ್ಚಿತು ಅನ್ನಬೇಕು. ಇಲ್ಲ, ಖಾಲಿ, ಮುಗಿಯಿತು ಎಂದು ಮನೆಯೊಳಗೆ ಬಾಯಿಬಿಟ್ಟರೆ ಮನೆಯ ಬರಕತ್ತು, ಅಂದರೆ ಸಮೃದ್ಧಿ, ಹೋಗುತ್ತದೆ ಎಂಬ ನಂಬಿಕೆ.

ಚುನಾವಣೆ ಹತ್ತಿರವಿತ್ತು. ಲೈಸೆನ್ಸಿನ ಬಂದೂಕುಗಳನ್ನೆಲ್ಲ ಆ ಸಂಜೆಯೊಳಗೆ ಅಫಜಲಪುರದ ಠಾಣೆಯಲ್ಲಿ ಜಮಾ ಮಾಡಬೇಕಿತ್ತು. ಕಬ್ಬಿಗೆ ನುಗ್ಗುವ ಹಂದಿಗಳಿಗಾಗಿ ಅಪ್ಪ ಇಟ್ಟಿದ್ದ ಬಂದೂಕಿಗೆ ಧೂಳು ಮೆತ್ತಿತ್ತು. ಹಾಗೇ ಒಯ್ದರೆ ತುಕ್ಕು ಹಿಡಿಯುತ್ತದೆಂದು, ಬಿಚ್ಚಿ ಒರೆಸಲು ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಳಿತ. ಅಕ್ಕ ಎಣ್ಣೆಯ ಬಟ್ಟಲು ಹಿಡಿದಿದ್ದಳು, ನಾನು ಹಳೆ ಧೋತರದ ಚಿಂದಿ. ಸೀಮೆಎಣ್ಣೆಯ ವಾಸನೆಗೆ ಒಳಗಿನ ರೊಟ್ಟಿಯ ವಾಸನೆ ಬೆರೆತಿತ್ತು. ಅಥವಾ ಅದನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ ಏನೋ.

ನಳಿಗೆಯ ಕೆಳಗಿನ ಮರದ ಹಿಡಿಕೆಯನ್ನು ಹಿಂದಕ್ಕೆ ಜಗ್ಗಿದರೆ ಒಂದೊಂದೇ ತೋಟಾ, ಅಂದರೆ ಗುಂಡು, ಹೊರಗೆ ಬೀಳುವ ಬಂದೂಕು ಅದು. ಅಪ್ಪ ಅದರಲ್ಲಿ ಎರಡೇ ತೋಟಾ ಇಡುತ್ತಿದ್ದ. ಹಿಂದಿನ ದಿನ ಹೊಲಕ್ಕೆ ಒಯ್ದಿದ್ದ ಅಣ್ಣ ಬೆಳಿಗ್ಗೆಯೇ ಜೇವರ್ಗಿಗೆ ಹೋಗಿದ್ದ. ಅವನ ಹೆಂಡತಿ, ನಮ್ಮ ವೈನಿ, ಮೈಸೂರು ಕಡೆಯಿಂದ ಮದುವೆಯಾಗಿ ಬಂದು ತಿಂಗಳೂ ಆಗಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ಹೇಳಿದಳು:

“ಮಾವ, ತೋಟಾ ಎರಡು ಹೆಚ್ಚಾಗಿವೆ.”

ಅಪ್ಪ ತಲೆಯಾಡಿಸಿದ. ಇದ್ದ ಎರಡನ್ನೂ ಮಗ ಹಾರಿಸಿ ಮುಗಿಸಿದ್ದಾನೆ ಎಂದುಕೊಂಡ.

ಹಿಡಿಕೆ ಜಗ್ಗಿದ. ಅಲುಗಲಿಲ್ಲ. “ನಿಮ್ಮಣ್ಣ ಹಂದಿ ಬಿಟ್ಟು ಬರೇ ಧೂಳಾ ಹೊಡದು ಬಂದಾನ” ಅಂದ. ಖಾಲಿ ಬಂದೂಕಿನ ಹಿಡಿಕೆ ಬಿಗಿದರೆ ಟ್ರಿಗರ್ ಒತ್ತಿ ಸಡಿಲ ಮಾಡುವುದು ಅವನ ರೂಢಿ. ಬಂದೂಕನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡ. ಅದರ ಬಾಯಿ ಅಡುಗೆಮನೆಯ ಪರದೆಯ ಕಡೆಗಿತ್ತು. ಪರದೆಯ ಆಚೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಟ, ಪಟ, ಪಟ.

ನನಗೆ ಶಾಲೆ ನೆನಪಾಯಿತು. ನಮ್ಮ ಮಾಸ್ತರರೂ ಮೈಸೂರು ಕಡೆಯವರು. ಅವರ ಗಣಿತದಲ್ಲಿ ಎರಡು ಹೆಚ್ಚು ಅಂದರೆ ಎರಡನ್ನು ಕೂಡಿಸಬೇಕು.

“ಅಪ್ಪಾ, ತಡಿ. ವೈನಿ ಅನ್ನೋ ಹೆಚ್ಚು ಬ್ಯಾರೆ ಅದ, ನಮ್ಮ ಹೆಚ್ಚು ಬ್ಯಾರೆ.”

ಇದನ್ನು ಹೇಳಿದ್ದು ತಾನೇ ಎಂದು ಅಕ್ಕ ಇವತ್ತಿಗೂ ವಾದಿಸುತ್ತಾಳೆ. ಇರಬಹುದು. ಅಪ್ಪನ ಬೆರಳು ನಿಂತದ್ದು ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿದೆ.

ಅವನು ಮೆಲ್ಲಗೆ ಎದ್ದು ಅಂಗಳಕ್ಕೆ ಹೋದ. ಬಂದೂಕಿನ ಬಾಯಿಯನ್ನು ತಿಪ್ಪೆಯ ಕಡೆ ತಿರುಗಿಸಿ, ಟ್ರಿಗರ್ ಮುಟ್ಟದೆ, ಬಿಗಿ ಬಿಡಿಸುವ ಪಕ್ಕದ ಸಣ್ಣ ಗುಂಡಿ ಒತ್ತಿ ಹಿಡಿಕೆ ಜಗ್ಗಿದ. ಒಂದು ಕೆಂಪು ತೋಟಾ ಬಿತ್ತು. ಇನ್ನೊಂದು. ಮೂರು. ನಾಲ್ಕು.

ಗಂಡ ಎರಡು ತೋಟಾ ಜಾಸ್ತಿ ತುಂಬಿದ್ದನ್ನು ವೈನಿ ಕಣ್ಣಾರೆ ಕಂಡಿದ್ದಳು. ತಾನು ಹೇಳಿದ್ದು ಸರಿಯಾಗಿತ್ತಲ್ಲ ಎಂದು ನಕ್ಕಳು. ಅಪ್ಪ ನಗಲಿಲ್ಲ. ಮಣ್ಣಿನಲ್ಲೇ ಕುಳಿತುಬಿಟ್ಟ.

“ಬಸ್ಸು ತಪ್ತದ, ಉಣ್ಣಾಕ ಬರ್ರಿ” ಎಂದಳು ಒಳಗಿನಿಂದ ಅವ್ವ.

“ಬಂದೆ. ನೀ ರೊಟ್ಟಿ ಬಡಿ. ನಿಲ್ಲಿಸಬ್ಯಾಡ.”

ಮಕ್ಕಳೇ, ನಿಮ್ಮ ಮನೆಯಲ್ಲಿ ಬಂದೂಕಿಲ್ಲ, ಒಳ್ಳೆಯದಾಯಿತು. ಹಾಲು ಖಾಲಿ, ಬ್ಯಾಟರಿ ಖಾಲಿ ಎಂದು ದಿನಕ್ಕೆ ಹತ್ತು ಸಲ ನಿರಾಳವಾಗಿ ಅನ್ನುತ್ತೀರಿ. ನೀವು ಖಾಲಿ ಅಂದ ಡಬ್ಬಿಯನ್ನೂ ನಾನು ಎದ್ದು ಹೋಗಿ, ಮುಚ್ಚಳ ತೆಗೆದು, ಒಳಗೆ ಕೈಯಾಡಿಸಿ ನೋಡುತ್ತೇನೆ. ಅಜ್ಜಿಗೆ ನಂಬಿಕೆಯೇ ಇಲ್ಲ ಎಂದು ನಗುತ್ತೀರಿ. ನಗಿ.