ಗದ್ದೆಗೆ ಇಳಿದ ವಿಮಾನ

ಮಂಡೆಕೋಲಿನ ನಮ್ಮ ಬಯಲಿನಲ್ಲಿ ಉಳಿದಿದ್ದ ಗದ್ದೆ ಒಂದೇ, ನಮ್ಮದು. ಉಳಿದವರೆಲ್ಲ ಯಾವಾಗಲೋ ಅಡಿಕೆ ಹಾಕಿ ಮುಗಿಸಿದ್ದರು. ಕೊನೆಗೆ ನಮ್ಮ ಯಜಮಾನರೂ ಮನಸ್ಸು ಮಾಡಿ, ಹಗ್ಗ ಹಿಡಿದು ಸಾಲಾಗಿ ಗೂಟ ಹೊಡೆದರು. ಮರುದಿನ ಸಾಲುಗಳ ನಡುವೆ ನೀರು ಬಸಿಯುವ ಕಣಿ ತೆಗೆಯಲು ಜೆಸಿಬಿ ಬರುವುದಿತ್ತು. ಆ ಗದ್ದೆ ಹೋದರೆ ನನ್ನ ಅಡುಗೆಮನೆಯ ಕಿಟಕಿಗೆ ಕಾಣುವ ಆಕಾಶವೂ ಹೋಗುತ್ತಿತ್ತು. ಅತ್ತು ಕರೆದು ಹೇಳಿದ್ದೆ. "ಆಕಾಶ ನೋಡಿ ಎಂತ ಮಾಡ್ಲಿಕ್ಕುಂಟು ನಿಂಗೆ?" ಎಂದಿದ್ದರು. ಆ ಸಿಟ್ಟಿಗೆ ಅಂದು ಸಾರಿಗೆ ಉಪ್ಪು ಹಾಕಿರಲಿಲ್ಲ. ಅವರು ಎರಡು ಸಲ ಬಡಿಸಿಕೊಂಡು ಉಂಡರು.

ನಾನು ಪಾತ್ರೆ ತೊಳೆಯುತ್ತಿದ್ದಾಗ ಅದೇ ಕಿಟಕಿಯಲ್ಲಿ ಒಂದು ಪುಟ್ಟ ವಿಮಾನ ಕಾಣಿಸಿತು. ಸದ್ದೇ ಇಲ್ಲ. ಪಕ್ಕದ ತೋಟದ ತೆಂಗಿನ ತುದಿ ಸವರುವಂತೆ ಬಂದು, ಕೊಯ್ಲಾದ ಗದ್ದೆಗೆ ಇಳಿದು, ಗೂಟಗಳನ್ನು ಕಿತ್ತೆಸೆಯುತ್ತ ಓಡಿ, ಆಚೆಯ ಬದುವಿಗೆ ಮೂಗು ಕುತ್ತಿ ನಿಂತಿತು. ಒಳಗಿದ್ದವರು ಸತ್ತೇ ಹೋದರೆಂದು ಕೈಯಲ್ಲಿದ್ದ ಪಾತ್ರೆ ಬಿಟ್ಟು ಅಂಗಳಕ್ಕೆ ಓಡಿದೆ.

ಬಾಗಿಲು ತೆರೆದು ಒಬ್ಬರೇ ಇಳಿದರು. ಹಣೆಯಲ್ಲಿ ತುಸು ರಕ್ತ. ಯಜಮಾನರು ಕೈ ಹಿಡಿದು ಕರೆತಂದು ಜಗಲಿಯಲ್ಲಿ ಕೂರಿಸಿದರು. ಬಂದವರ ಬಾಯಾರಿಕೆ ತೀರುವ ಮೊದಲು ಏನನ್ನೂ ಕೇಳುವ ಕ್ರಮ ನಮ್ಮಲ್ಲಿಲ್ಲ. ನಾನು ಬೆಲ್ಲ, ನೀರು ತಂದುಕೊಟ್ಟೆ. ಲೋಟ ಖಾಲಿಯಾದ ಮೇಲೆ ಯಜಮಾನರು, ಬಸ್ಸಿಳಿದವರನ್ನು ಕೇಳುವ ಹಾಗೆ, "ಎಲ್ಲಿಂದ ಬಂದದ್ದು?" ಎಂದರು.

"ಎಂಜಿನ್ ನಿಂತುಹೋಯಿತು" ಎಂದರು ಬಂದವರು. "ಕೆಳಗೆ ನೋಡಿದರೆ ಬರೀ ಗುಡ್ಡ, ಅಡಿಕೆ, ರಬ್ಬರ್. ಇಳಿಯಲು ಜಾಗವೇ ಇಲ್ಲ. ಮನೆಯವರನ್ನೆಲ್ಲ ನೆನೆಸಿಕೊಂಡೆ. ಆಗ ಇದೊಂದು ಕಾಣಿಸಿತು."

ಇನ್ನೊಂದು ಲೋಟ ನೀರು ಯಜಮಾನರೇ ತಂದುಕೊಟ್ಟರು.

ಮರುದಿನ ಜೆಸಿಬಿಯವನು ಹೇಳಿದ ಹೊತ್ತಿಗೆ ಸರಿಯಾಗಿ ಬಂದ, ಜನ್ಮದಲ್ಲಿ ಮೊದಲ ಸಲ. ಗದ್ದೆಯಲ್ಲಿದ್ದ ವಿಮಾನ ನೋಡಿ, "ಇದು ಹೀಗೇ ಇರ್ತದಾ, ಬದಿಗೆ ಇಡುದಾ?" ಎಂದ. ಮುಟ್ಟುವ ಹಾಗಿಲ್ಲವೆಂದು ಅವನನ್ನು ಕಳಿಸಿದೆವು. ಆಮೇಲೆ ಅಧಿಕಾರಿಗಳು ಬಂದರು, ಫೋಟೋ ತೆಗೆದರು, ರೆಕ್ಕೆ ಬಿಚ್ಚಿಸಿ ಲಾರಿಗೆ ಹೇರಿಸಿದರು. ನೋಡಲು ಸುಳ್ಯದಿಂದಲೂ ಜನ ಬಂದರು. ಎಲ್ಲರಿಗೂ ಕೊಟ್ಟು ಕೊಟ್ಟು ಬೆಲ್ಲದ ಡಬ್ಬ ಖಾಲಿಯಾಯಿತು.

ಲಾರಿ ಹೋದ ಸಂಜೆ ಯಜಮಾನರು ಗದ್ದೆಗಿಳಿದು, ಉಳಿದಿದ್ದ ಗೂಟಗಳನ್ನು ಒಂದೊಂದಾಗಿ ಕೀಳತೊಡಗಿದರು.

"ಇದೆಂತ ಮಾಡುದು ನೀವು?" ಎಂದೆ.

"ಇನ್ನೊಂದು ಬಂದ್ರೆ ಎಲ್ಲಿ ಇಳಿಯುದು, ಮಾರಾಯ್ತಿ?"

ನಾವು ಹುಟ್ಟಿದ ಮೇಲೆ ಈ ಊರಿಗೆ ಇಳಿದದ್ದು ಅದೊಂದೇ ವಿಮಾನ. ಹೇಳಲು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಸೀರೆ ಎತ್ತಿ ಕಟ್ಟಿ, ಗದ್ದೆಗಿಳಿದು ನಾನೂ ಒಂದು ಗೂಟ ಕಿತ್ತೆ.