ಸಿಹಿ ಮಡಿ, ಖಾರದ ಮಡಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳದು ಇಸ್ತ್ರಿ ಕೆಲಸ. ಹೊದಿಕೆ, ದಿಂಬಿನ ಚೀಲ, ಡಾಕ್ಟರರ ಕೋಟು, ಎಲ್ಲವನ್ನೂ ನಿಂತೇ ಮಾಡಬೇಕು. ಮನೆ ಸೇರುವ ಹೊತ್ತಿಗೆ ಕಾಲುಗಳು ಮರದ ಕೊರಡಾಗಿರುತ್ತಿದ್ದವು. ಗಂಡ ಲಾರಿ ಹತ್ತಿ ಊರೂರು ಅಲೆಯುವವನು. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ.

ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ಅತ್ತೆಗೆ ರುಚಿಯೇ ಗೊತ್ತಾಗದಂತಾಯಿತು. ಏನು ಬಡಿಸಿದರೂ "ಸಪ್ಪೆ" ಎಂದು ತಟ್ಟೆ ದೂಡುತ್ತಿದ್ದರು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎಂದು ಸೊಸೆ ಮೊದಮೊದಲು ಗೊಣಗಿದಳು. ಅತ್ತೆಯ ಬಳೆ ಮೊಣಕೈವರೆಗೆ ಜಾರತೊಡಗಿದಾಗ ಗೊಣಗುವುದನ್ನು ಬಿಟ್ಟಳು.

ಹಿತ್ತಲಲ್ಲಿ ಎರಡು ಮಡಿ ಮಾಡಿದಳು. ಒಂದರಲ್ಲಿ ಖಾರವಿಲ್ಲದ ದಪ್ಪ ಮೆಣಸಿನಕಾಯಿ: ಹಸಿರು, ಹಳದಿ, ಕೆಂಪು. ಇನ್ನೊಂದರಲ್ಲಿ ಖಾರದವು: ಉದ್ದನೆಯದು, ಗಿಡ್ಡದು, ಬೆರಳ ತುದಿಯಷ್ಟೇ ಇರುವ ಸೂಜಿಮೆಣಸು. ಸತ್ತ ನಾಲಿಗೆಯನ್ನು ಎಬ್ಬಿಸಿದರೆ ಖಾರವೇ ಎಬ್ಬಿಸಬೇಕು ಎಂಬುದು ಅವಳ ನಂಬಿಕೆ. ಕೆಲಸ ಮುಗಿಸಿ ಬಂದು, ಚಪ್ಪಲಿ ಬಿಟ್ಟವಳೇ ಬಿಂದಿಗೆ ಹಿಡಿಯುತ್ತಿದ್ದಳು.

ಕಾಯಿ ಬಲಿತ ಒಂದು ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಸೊಸೆ ಮೊದಲು ಉದ್ದನೆಯದರ ಚೂರು ಕೊಟ್ಟಳು.

"ಹೇಗಿದೆ ಅತ್ತೆ?"

"ಉರಿ ಇದೆ. ರುಚಿ ಇಲ್ಲ."

ಸೂಜಿಮೆಣಸು ಕಡಿದಾಗ ಅತ್ತೆಯ ಕಣ್ಣು, ಮೂಗು ಎರಡೂ ಸೋರಿದವು. "ಅಯ್ಯೋ, ಕಾರಣ ಇಲ್ದೆ ಯಾರೋ ಬೈದ ಹಾಗಾಯ್ತು ಕಣೇ! ಸಾಕು ತೆಗಿ."

ಸೊಸೆಗೆ ಅಳು ಬಂತು. ಇಷ್ಟು ದಿನದ ನೀರು ಮಣ್ಣುಪಾಲು. ಬಾಯುರಿ ಆರಲಿ ಎಂದಷ್ಟೇ ಕೆಂಪು ದಪ್ಪ ಮೆಣಸಿನಕಾಯಿ ಸೀಳಿ ಕೊಟ್ಟಳು. ಅತ್ತೆ ಕಚ್ಚಿದರು. ಕರುಂ! ಇನ್ನೊಮ್ಮೆ ಕಚ್ಚಿದರು. ಗಲ್ಲದ ಮೇಲೆ ರಸ ಇಳಿಯಿತು.

"ಸಿಹಿ ಗೊತ್ತಾಗುತ್ತಾ?" ಸೊಸೆ ಆಸೆಯಿಂದ ಕೇಳಿದಳು.

"ಎಲ್ಲಿಯ ಸಿಹಿ! ಆದ್ರೆ ಸದ್ದು ಮಾಡುತ್ತೆ ನೋಡು. ತಣ್ಣಗೂ ಇದೆ. ಮೆತ್ತಗಿದ್ದದ್ದೆಲ್ಲ ಬಾಯಲ್ಲಿ ಒದ್ದೆ ಬಟ್ಟೆ ಥರ ಆಗೋದು, ಇದು ಏನೋ ತಿಂತಿದೀನಿ ಅನ್ನಿಸುತ್ತೆ. ಇನ್ನೊಂದು ಕೊಡು."

ಸೊಸೆ ಏಳಲು ನೋಡಿದಳು, ಮಂಡಿ ಒಪ್ಪಲಿಲ್ಲ.

"ಕೂತ್ಕೊಳ್ಳೇ. ನನಗೇನು ಕೈಯಿಲ್ವಾ?" ಎಂದು ಅತ್ತೆ ಗೋಡೆ ಹಿಡಿದುಕೊಂಡು ಮಡಿಗೆ ಇಳಿದರು. ಸೆರಗಿನಲ್ಲಿ ಕಾಯಿ ತುಂಬಿಕೊಂಡು ಬಂದರು. ಆ ಸಂಜೆ ಒಲೆ ಹಚ್ಚಲಿಲ್ಲ. ಇಬ್ಬರೂ ಹಸಿಯದನ್ನೇ ಕರುಂ ಕರುಂ ತಿಂದರು.

ಅತ್ತೆಯ ರುಚಿ ಮರಳಲೇ ಇಲ್ಲ. ಆದರೆ ಗಟ್ಟಿಯಾದದ್ದು, ಗರಿಗರಿಯಾದದ್ದು ಏನು ಕೊಟ್ಟರೂ ತಿನ್ನತೊಡಗಿದರು. ಖಾರದ ಗಿಡ ಕಿತ್ತು ಆ ಮಡಿಗೂ ದಪ್ಪ ಮೆಣಸಿನ ಸಸಿಯನ್ನೇ ಹಾಕಿಸಿದರು. ಅದಕ್ಕೆ ನೀರು ಹೆಚ್ಚು ಬೇಕು. ಸೊಸೆ ನಿಟ್ಟುಸಿರು ಬಿಟ್ಟು ಇನ್ನೊಂದು ಬಿಂದಿಗೆ ಎತ್ತಿಕೊಂಡಳು.